ಅಲ್ಪಾಯುಷ್ಯ ಮತ್ತು ಮುದ್ದಣನ ನಿಧಾನ



ತೀರಿಕೊಂಡವರ ಹೆಸರಿನಲ್ಲಿ ಇಡುಗಂಟು ಇಟ್ಟು, ಅದರ ಬಡ್ಡಿಯಿಂದ ವರ್ಷಕ್ಕೊಮ್ಮೆ ನಾಲ್ಕು ಮಾತು ಆಡಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಆಯುಷ್ಯದ ಮಿತಿಯನ್ನು ಕುರಿತು ಮಾತನಾಡಲು ಇಂಥ ದತ್ತಿ ಉಪನ್ಯಾಸಕ್ಕಿಂತ ತಕ್ಕ ವೇದಿಕೆ ಸಿಗುವುದಿಲ್ಲ. ಬಾಳು ಚಿಕ್ಕದು ಎಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಚಿಕ್ಕದೆಂದು ತಿಳಿದ ಮೇಲೆ ಇಂದಿನ ದಿನವನ್ನು ಏನು ಮಾಡಬೇಕು ಎಂಬಲ್ಲಿಯೇ ತೊಡಕು. ಕನ್ನಡ ಕೊಟ್ಟ ಎರಡು ಉತ್ತರಗಳನ್ನು ತಮ್ಮ ಮುಂದಿಡುತ್ತೇನೆ.

1. ಬಿಟ್ಟು ಹೋದವನು

ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ನಂದಿಸೇನನೆಂಬ ಜೈನ ಮುನಿಯ ಶಾಸನವಿದೆ. ಕಾಲ ಸುಮಾರು ಕ್ರಿ.ಶ. 700. ರೂಪ, ಧನ, ವೈಭವಗಳು ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ತೋರಿ ಮರೆಯಾಗುತ್ತವೆ, ಯಾರ ಪಾಲಿಗೂ ನಿಲ್ಲುವುದಿಲ್ಲ. ಇಂಥ ಇರವನ್ನು ನಾನು ಮೆಚ್ಚೆ ಎಂದು ಆ ಮುನಿ ಸನ್ಯಸನದಿಂದ, ಎಂದರೆ ಆಹಾರ ತೊರೆದು ಸಾವನ್ನು ಬರಮಾಡಿಕೊಳ್ಳುವ ವ್ರತದಿಂದ, ದೇಹ ಬಿಟ್ಟನೆಂದು ಆ ಶಾಸನಪದ್ಯದ ತಾತ್ಪರ್ಯ. ಅಳಲಿಲ್ಲ, ದೂರಿಲ್ಲ. ನಿಲ್ಲದ್ದನ್ನು ನಂಬಲಾರೆ ಎಂಬ ನಿಚ್ಚಳ ತೀರ್ಮಾನ ಮಾತ್ರ ಇದೆ.

ಈ ಉತ್ತರ ದೊಡ್ಡದು. ಆದರೆ ಮಕ್ಕಳ ಫೀಜು, ತಾಯಿಯ ಔಷಧಿ, ಮನೆಸಾಲದ ಕಂತು ಹೊತ್ತವರು ಚಂದ್ರಗಿರಿಗೆ ಯಾತ್ರೆ ಹೋಗಿ ಇಳಿದು ಬರುತ್ತಾರೆ. ಇಳಿದು ಬಂದವರ ಪಾಲಿನ ಉತ್ತರ ಬೇರೆಲ್ಲೋ ಇರಬೇಕು.

2. ಕೂತು ಕತೆ ಹೇಳಿದವನು

ಕಾರ್ಕಳದ ಹತ್ತಿರದ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ಡ್ರಿಲ್ ಮಾಸ್ತರನಾಗಿದ್ದ. ಸಣ್ಣ ಸಂಬಳ, ಸಾಲದ್ದಕ್ಕೆ ಕ್ಷಯ. 1901ರಲ್ಲಿ, 31ರ ವಯಸ್ಸಿನಲ್ಲಿ, ತೀರಿಕೊಂಡ. ಅಷ್ಟರೊಳಗೆ ಅವನ ಕೈಯಿಂದ ಯಕ್ಷಗಾನ ಪ್ರಸಂಗಗಳು, ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ಶ್ರೀ ರಾಮಾಶ್ವಮೇಧ’ ಹೊರಬಂದಿದ್ದವು. ಅವನೇ ನಮ್ಮ ಮುದ್ದಣ.

‘ರಾಮಾಶ್ವಮೇಧ’ವನ್ನು ಓದಿದವರಿಗೆ ಯಾಗದ ಕುದುರೆಗಿಂತ ಮೊದಲು ನೆನಪಾಗುವುದು ಅದರೊಳಗಿನ ಗಂಡಹೆಂಡತಿ ಮುದ್ದಣ ಮನೋರಮೆಯರ ಮಾತುಕತೆ. ಮಳೆಗಾಲದ ದಿನ. ಗಂಡ ಮನೆಗೆ ಬರುತ್ತಾನೆ, ಹೆಂಡತಿ ಉಪಚರಿಸಿ ಕತೆ ಹೇಳೆನ್ನುತ್ತಾಳೆ. ಯಾವ ಕತೆ? ಪದ್ಯದಲ್ಲೋ ಗದ್ಯದಲ್ಲೋ? ಹೇಳಿದರೆ ಏನು ಕೊಡುತ್ತೀ? ಚೌಕಾಸಿ ಮುಗಿಯುವುದೇ ಇಲ್ಲ. ಕತೆ ಹೊರಟ ಮೇಲೂ ಅವಳು ನಡುವೆ ಬಾಯಿ ಹಾಕುತ್ತಾಳೆ, ಸಂಸ್ಕೃತ ಹೆಚ್ಚಾದರೆ ಗೊಣಗುತ್ತಾಳೆ, ಅವನು ಕೆಣಕುತ್ತಾನೆ.

ಸಾವು ಹೊಸ್ತಿಲಿಗೆ ಬಂದಿದ್ದ ಕಾಲದ ಬರಹ ಇದು. ಆದರೂ ಇದರಲ್ಲಿ ಅವಸರದ ಗುರುತಿಲ್ಲ. ಯಾಗವನ್ನು ಬೇಗ ಮುಗಿಸಿಬಿಡೋಣ ಎಂಬ ಧಾವಂತವಿಲ್ಲ. ಕತೆಯನ್ನು ತಡೆದು ನಿಲ್ಲಿಸುವ ಹೆಂಡತಿಯೇ ಈ ಕೃತಿಯ ಜೀವ. ಕಾಲ ಕಡಿಮೆಯಿದ್ದವನು ಸರಸಕ್ಕೆ ಇಷ್ಟು ಕಾಲ ಕೊಟ್ಟ.

ಇನ್ನೊಂದು ಸಂಗತಿ. ರಾಮಕಥೆಯ ಈ ಮೂರು ಕೃತಿಗಳನ್ನು ಅವನು ತನ್ನ ಹೆಸರಿನಲ್ಲಿ ಹೊರತರಲಿಲ್ಲ. ಹಳಗನ್ನಡದ ಪ್ರಾಚೀನ ಕೃತಿಗಳೆಂಬ ಸೋಗು ಹಾಕಿ ಮೈಸೂರಿನ ಸಂಪಾದಕರಿಗೆ ಕಳುಹಿಸಿದ. ಸಂಕೋಚವೋ, ಹೊಸಬನ ಬರಹವನ್ನು ಯಾರು ಲೆಕ್ಕಿಸುತ್ತಾರೆಂಬ ಅನುಮಾನವೋ, ಎರಡೂ ಇದ್ದೀತು. ಕಾರಣ ಏನೇ ಇರಲಿ, ಬರೆಯುವ ಹೊತ್ತಿನಲ್ಲಿ ಹೆಸರು ಅವನ ಕೂಲಿಯಾಗಿರಲಿಲ್ಲ. ಬರೆಯುವುದೇ ಕೂಲಿಯಾಗಿತ್ತು.

ಇಲ್ಲಿ ಒಂದು ಎಚ್ಚರ ಬೇಕು. ಬಡತನವನ್ನೂ ಕ್ಷಯವನ್ನೂ ಆದರ್ಶ ಮಾಡುವುದು ತಪ್ಪು. ಕ್ಷಯದ ರೋಗಾಣುವನ್ನು 1882ರಲ್ಲೇ ಗುರುತಿಸಿದ್ದರೂ ಅದನ್ನು ಕೊಲ್ಲುವ ಔಷಧಿ ಬಂದದ್ದು 1940ರ ದಶಕದಲ್ಲಿ. ಔಷಧಿಯಿದ್ದಿದ್ದರೆ ಮುದ್ದಣ ಇನ್ನಷ್ಟು ಬದುಕುತ್ತಿದ್ದ, ನಾವು ಇನ್ನಷ್ಟು ಓದುತ್ತಿದ್ದೆವು. ಕವಿಯ ಅಕಾಲ ಮರಣದಲ್ಲಿ ಸೊಬಗು ಕಾಣುವ ಓದುಗ, ಹಿಂದೆ ಉಳಿದ ಹೆಂಡತಿ ಮಗುವನ್ನು ಮರೆತಿರುತ್ತಾನೆ.

3. ನಮ್ಮ ಪಾಲಿಗೆ

ಸಾವಿನ ನೆನಪು ನಮ್ಮನ್ನು ಎರಡು ರೀತಿಯಲ್ಲಿ ಕೆಡಿಸುತ್ತದೆ. ಕೆಲವರು ಗಾಬರಿಬಿದ್ದು ಎಲ್ಲವನ್ನೂ ನೋಡಿ ಮುಗಿಸಲು ಹೊರಡುತ್ತಾರೆ. ಹಂಪಿಗೆ ಹೋದರೂ ಫೋಟೋ ತೆಗೆದು ಮುಂದಿನ ಊರಿನ ಬಸ್ಸು ಹತ್ತುತ್ತಾರೆ. ಇನ್ನು ಕೆಲವರು ನೆನಪನ್ನೇ ದೂರ ತಳ್ಳಿ, ಮಗಳ ಮದುವೆಯಾಗಲಿ, ರಿಟೈರ್ ಆಗಲಿ, ಆಮೇಲೆ ಹಾಡು ಕಲಿಯುತ್ತೇನೆ, ಅಣ್ಣನ ಜೊತೆ ರಾಜಿಯಾಗುತ್ತೇನೆ ಎನ್ನುತ್ತಾರೆ. ಇಬ್ಬರಿಗೂ ಕೊನೆಗೆ ಉಳಿಯುವುದು ಹಳಹಳಿ.

ಮುದ್ದಣನ ದಾರಿ ಇವೆರಡರ ಆಚೆಗಿದೆ. ಹಗಲು ಮಕ್ಕಳಿಗೆ ಕವಾಯತು ಹೇಳಿಕೊಟ್ಟು ಸಂಸಾರ ಸಾಕಿದ, ಮಿಕ್ಕ ಹೊತ್ತಿನಲ್ಲಿ ತನಗೆ ಬೇಕಾದ್ದನ್ನು ಬರೆದ. ಎರಡನ್ನೂ ಇನ್ನೊಂದು ಕಾಲಕ್ಕೆ ಮುಂದೂಡಲಿಲ್ಲ. ಅವನಿಗೆ ಕೊರಗೇ ಇರಲಿಲ್ಲವೆಂದು ಹೇಳುವ ಹಕ್ಕು ನನಗಿಲ್ಲ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಹೋಗುವವನಿಗೆ ಕೊರಗು ಇದ್ದೇ ಇರುತ್ತದೆ. ಆದರೆ ಮಾಡಬಹುದಾಗಿದ್ದ ಕಾಲದಲ್ಲಿ ಮಾಡದೆ ಬಿಟ್ಟೆನೆಂಬ ಕೊರಗು ಅವನ ಬಾಳಿಗೆ ಸಲ್ಲುವುದಿಲ್ಲ.

ಆದ್ದರಿಂದ ನನ್ನ ಸೂಚನೆ ಎರಡೇ. ಹೆಸರು ಬಾರದಿದ್ದರೂ, ದುಡ್ಡು ಹುಟ್ಟದಿದ್ದರೂ ಮಾಡಬೇಕೆನ್ನಿಸುವ ಕೆಲಸಕ್ಕೆ ಇಂದಿನ ದಿನದಲ್ಲೇ ಸ್ವಲ್ಪ ಜಾಗ ಮಾಡಿ. ಆ ಕೆಲಸದ ನಡುವೆ ಮನೆಯವರು ಬಂದು ಮಾತಿಗೆಳೆದರೆ ಸಿಡುಕಬೇಡಿ. ಆ ಮಾತಿಗೂ ದಿನದಲ್ಲಿ ಪಾಲಿದೆ. ಇಷ್ಟು ನಡೆದರೆ ಆಯುಷ್ಯ ಎಷ್ಟೆಂಬ ಲೆಕ್ಕವನ್ನು ವಿಧಿಗೇ ಬಿಡಬಹುದು.