ಮನಸ್ಸಿನ ಗುಟ್ಟು, ಮಿದುಳಿನ ಸಾಕ್ಷ್ಯ

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಬಾಯಿ ಮುಚ್ಚಿಟ್ಟುದನ್ನು ಮೈ ಬಿಟ್ಟುಕೊಡುವುದೆಂಬುದೇ ಅದರ ತಾತ್ಪರ್ಯ. ಈ ಹಳೆಯ ಅನುಭವವನ್ನು ವಿಜ್ಞಾನವು ಪ್ರಯೋಗಶಾಲೆಗೆ ಕೊಂಡೊಯ್ದ ಬಗೆಯನ್ನೂ, ಅದರಿಂದೊದಗಿದ ಒಂದು ಧರ್ಮಸೂಕ್ಷ್ಮವನ್ನೂ ಈಗ ವಿಚಾರ ಮಾಡೋಣ.

ಮಿದುಳಿನಲ್ಲಿ ಸದಾ ಅತಿ ಸೂಕ್ಷ್ಮವಾದ ವಿದ್ಯುತ್ತು ಸಂಚರಿಸುತ್ತಿರುವುದು. ತಲೆಗೆ ತಂತಿಗಳನ್ನು ತಗುಲಿಸಿ ಅದನ್ನು ರೇಖೆಗಳಲ್ಲಿ ಬರೆದುಕೊಳ್ಳುವ ಕ್ರಮವನ್ನು ಜರ್ಮನಿಯ ವೈದ್ಯ ಹಾನ್ಸ್ ಬರ್ಗರರು 1929ರಲ್ಲಿ ಪ್ರಕಟಿಸಿದರು. 1965ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಸಟನ್ ಮತ್ತು ಅವರ ಸಂಗಡಿಗರು ಆ ರೇಖೆಗಳಲ್ಲಿ ಒಂದು ವಿಶೇಷವಾದ ಅಲೆಯನ್ನು ಗುರುತಿಸಿದರು. ಅಪರೂಪವಾದ, ಆದರೆ ನಮಗೆ ಅರ್ಥವುಳ್ಳ ವಿಷಯವೊಂದು ಎದುರಾದಾಗ, ಸುಮಾರು 300 ಮಿಲಿಸೆಕೆಂಡು ಕಳೆದ ಮೇಲೆ ಅದು ಏಳುವುದು. ಆದಕಾರಣ ಅದಕ್ಕೆ ಪಿ-300 ಎಂದು ಹೆಸರು. ತರಗತಿಯಲ್ಲಿ ನಾವು ಹಾಜರಿ ಕೂಗುವಾಗ ಎಲ್ಲಿಯೋ ನೋಡುತ್ತ ಕುಳಿತ ಹುಡುಗನು ತನ್ನ ಹೆಸರಿಗೆ ಮಾತ್ರ ಥಟ್ಟನೆ ತಲೆಯೆತ್ತುವನಲ್ಲವೆ? ಮಿದುಳಿನ ಒಳಗೆ ನಡೆಯುವುದೂ ಹೆಚ್ಚುಕಡಿಮೆ ಅಂಥದೇ.

ಒಂದು ಮನೆಯಲ್ಲಿ ಉಂಗುರ ಕಳುವಾಯಿತೆನ್ನೋಣ. ಶಂಕಿತನ ಮುಂದೆ ಬಳೆ, ಸರ, ಓಲೆ, ಉಂಗುರ, ಡಾಬು ಎಂದು ಒಂದೊಂದೇ ಪದವನ್ನು ಹಲವು ಸಲ ತೋರಿಸುವರು. ಸಂಗತಿಯನ್ನರಿಯದವನಿಗೆ ಎಲ್ಲವೂ ಒಂದೇ. ಅರಿತವನಿಗೆ ಉಂಗುರವೆಂದಾಗ ಅಲೆ ದೊಡ್ಡದಾಗಿ ಏಳುವುದು. ಕಣ್ಣೂ ಹೀಗೆಯೇ ಗುಟ್ಟನ್ನು ಬಿಡಬಲ್ಲುದು. ಹೊಸ ಮುಖವನ್ನು ದೃಷ್ಟಿಯು ಅಲ್ಲಲ್ಲಿ ತಡೆದು ಪರೀಕ್ಷಿಸುವುದು. ಪರಿಚಿತ ಮುಖದಲ್ಲಿ ಕೆಲವೇ ಎಡೆಗಳಲ್ಲಿ ನಿಲ್ಲುವುದು.

ಆದರೆ ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಯಂತ್ರವನ್ನೂ ಏಮಾರಿಸಬಹುದು. ಸಂಬಂಧವಿಲ್ಲದ ಪದಗಳು ಬಂದಾಗ ಗುಟ್ಟಾಗಿ ಬೂಟಿನೊಳಗೆ ಕಾಲ್ಬೆರಳಾಡಿಸುವಂಥ ಉಪಾಯಗಳಿಂದ ಪರೀಕ್ಷೆ ಕೆಡುವುದೆಂದು ಅಮೆರಿಕದ ಪೀಟರ್ ರೋಸೆನ್‌ಫೆಲ್ಡರ ತಂಡವು 2004ರಲ್ಲಿ ತೋರಿಸಿತು. ಎರಡನೆಯದು ಇನ್ನೂ ಗಹನವಾದುದು. ಅಲೆಯು ಹೇಳುವುದು ‘ಇವನು ಇದನ್ನು ಬಲ್ಲನು’ ಎಂದಷ್ಟೆ. ‘ಇವನೇ ಮಾಡಿದನು’ ಎಂದಲ್ಲ. ಕದ್ದವನಂತೆಯೇ ಕಂಡವನೂ, ಪೇಟೆಯಲ್ಲಿ ಸುದ್ದಿ ಕೇಳಿದವನೂ ಬಲ್ಲರು. ಉಂಗುರ ಕಳೆದುಕೊಂಡ ಯಜಮಾನಿಗಂತೂ ಅಲೆ ಏಳದಿದ್ದೀತೆ?

ಇದು ಬರಿಯ ತರ್ಕವಲ್ಲ, ಪ್ರಾಣದ ಮಾತು. 2008ರಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆಯ ಮೊಕದ್ದಮೆಯಲ್ಲಿ ಮಿದುಳಿನ ಪರೀಕ್ಷೆಯ ಫಲವನ್ನೂ ತನ್ನ ತೀರ್ಪಿನ ಆಧಾರಗಳಲ್ಲಿ ಸೇರಿಸಿಕೊಂಡಿತು. ಆ ಬಳಿಕ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯವೆಂಬ ಮೊಕದ್ದಮೆಯಲ್ಲಿ, 2010ರ ಮೇ 5ರಂದು ಸುಪ್ರೀಂ ಕೋರ್ಟು ಸ್ಪಷ್ಟವಾಗಿ ನುಡಿಯಿತು: ಯಾರನ್ನೂ ಬಲವಂತದಿಂದ ಇಂಥ ಪರೀಕ್ಷೆಗೆ ಗುರಿಪಡಿಸಕೂಡದು, ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಒತ್ತಾಯಿಸಲಾಗದೆಂಬ ಸಂವಿಧಾನದ ಅಭಯವು ಇಲ್ಲಿಗೂ ಸಲ್ಲುವುದು. ಒಪ್ಪಿ ಒಳಪಟ್ಟವನ ಪರೀಕ್ಷೆಯ ಫಲವೂ ತಾನಾಗಿಯೇ ಸಾಕ್ಷ್ಯವಾಗಲಾರದು.

ವಿಜ್ಞಾನದ ಈ ಶೋಧವನ್ನು ನಾವು ಅಲ್ಲಗಳೆಯಬೇಕಾದುದಿಲ್ಲ; ನೆನಪು ಕೆಲಸಮಾಡುವ ಬಗೆಯನ್ನು ಅದು ನಮಗೆ ಕಲಿಸಿದೆ. ಆದರೆ ಹೆಗಲು ಮುಟ್ಟಿ ನೋಡಿಕೊಂಡವರನ್ನೆಲ್ಲ ಸೆರೆಮನೆಗೆ ಕಳುಹಿಸುವುದಾದರೆ, ಬರಿದೆ ಬೆದರಿದ ನಿರಪರಾಧಿಯೂ ಅವರೊಡನೆ ನಡೆಯಬೇಕಾದೀತು. ಹೆಗಲನ್ನು ಕಂಡ ಮೇಲೆಯೂ ಕುಂಬಳಕಾಯಿಯನ್ನು ಹುಡುಕುವ ಹೊಣೆ ನಮ್ಮ ಮೇಲೆ ಇದ್ದೇ ಇರುವುದು.