ಚಂಚಲ ಮಗುವಿಗೆ ಬೇಕಾದುದು ಚಿಕಿತ್ಸೆ, ಬೆತ್ತವಲ್ಲ



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಒಂದು ದೂರಿದೆ. ‘ಹುಡುಗ ಬುದ್ಧಿವಂತ, ಆದರೆ ಒಂದೆಡೆ ಕೂರುವುದಿಲ್ಲ, ಹೇಳಿದ್ದು ಮರೆಯುತ್ತಾನೆ, ಪುಸ್ತಕ ಕಳೆದುಕೊಂಡು ಬರುತ್ತಾನೆ.’ ಇದಕ್ಕೆ ನಾವು ಕಂಡುಕೊಂಡ ಪರಿಹಾರಗಳಾದರೂ ಯಾವುವು? ಬೆತ್ತ, ತಾವೀಜು, ಶಾಲೆಯ ಬದಲಾವಣೆ, ದೂರದ ಮದ್ರಸದ ಹಾಸ್ಟೆಲ್, ಕೊನೆಗೆ ಗ್ಯಾರೇಜಿನ ಕೆಲಸ. ಇಂತಹ ಮಕ್ಕಳಲ್ಲಿ ಕೆಲವರಿಗೆ ಇರುವುದು ಹಠಮಾರಿತನವಲ್ಲ, ಎಡಿಎಚ್‌ಡಿ ಎಂಬ ತೊಂದರೆ. ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆ. ಜಗತ್ತಿನಲ್ಲಿ ನೂರಕ್ಕೆ ಸುಮಾರು 5 ಮಕ್ಕಳಲ್ಲಿ ಇದು ಕಂಡುಬರುತ್ತದೆ.

ಇದು ಮೊಬೈಲ್ ತಂದ ರೋಗವೆಂದು ಹಲವರು ಹೇಳುತ್ತಾರೆ. ಆದರೆ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಇಂತಹ ಮಕ್ಕಳ ಬಗ್ಗೆ ವೈದ್ಯರ ಮುಂದೆ ಉಪನ್ಯಾಸ ನೀಡಿದ್ದು 1902ರಲ್ಲಿ. ತಾಯಿಯ ಮುದ್ದಿನಿಂದ ಮಗು ಕೆಟ್ಟಿತೆಂಬ ಆರೋಪವೂ ಸರಿಯಲ್ಲ. ಈ ತೊಂದರೆಯಲ್ಲಿ ವಂಶವಾಹಿಯ ಪಾತ್ರ ದೊಡ್ಡದೆಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. ಸೊಸೆಯನ್ನು ಹಳಿಯುವುದರಿಂದ ಮಗುವಿಗೆ ಯಾವ ಪ್ರಯೋಜನವೂ ಇಲ್ಲ.

ನಜರ್ ಅಥವಾ ಜಿನ್ನ್ ಬಾಧೆಯೆಂದು ಊರೂರು ಅಲೆಯುವವರೂ ಇದ್ದಾರೆ. ಪ್ರಾರ್ಥನೆಗೆ ಯಾರ ಅಡ್ಡಿಯೂ ಇಲ್ಲ. ಆದರೆ ರೋಗಕ್ಕೆ ಚಿಕಿತ್ಸೆ ಪಡೆಯಬೇಕೆಂದು ಬೋಧಿಸಿದವರು ಪ್ರವಾದಿಯವರೇ(ಸ). ದುಆ ಮತ್ತು ಔಷಧವನ್ನು ಪರಸ್ಪರ ವಿರೋಧಿಗಳನ್ನಾಗಿ ಮಾಡಿದವರು ನಾವು.

ಹಾಗೆಂದು ಪ್ರತಿ ತುಂಟ ಮಗುವಿಗೂ ಈ ಹಣೆಪಟ್ಟಿ ಅಂಟಿಸಬಾರದು. ಇದನ್ನು ಪತ್ತೆಹಚ್ಚುವ ರಕ್ತಪರೀಕ್ಷೆಯಿಲ್ಲ, ಸ್ಕ್ಯಾನಿಂಗ್ ಇಲ್ಲ. ಲಕ್ಷಣಗಳು 12ನೇ ವಯಸ್ಸಿಗೆ ಮುನ್ನವೇ ಕಾಣಿಸಿಕೊಂಡಿರಬೇಕು, ಕನಿಷ್ಠ ಆರು ತಿಂಗಳು ಮುಂದುವರಿದಿರಬೇಕು, ಮನೆ ಮತ್ತು ಶಾಲೆ ಎರಡರಲ್ಲೂ ತೊಡಕಾಗಿರಬೇಕು. ಕಿವಿ, ಕಣ್ಣು, ನಿದ್ರೆಯ ತೊಂದರೆಗಳಿಲ್ಲವೆಂದು ವೈದ್ಯರು ಖಚಿತಪಡಿಸಿಕೊಳ್ಳುತ್ತಾರೆ. ಗದ್ದಲ ಮಾಡದೆ ಕಿಟಕಿಯತ್ತ ನೋಡುತ್ತಾ ಕೂರುವ ಹೆಣ್ಣುಮಗುವಿಗೂ ಇದೇ ತೊಂದರೆ ಇರಬಹುದು. ಆಕೆಯನ್ನು ನಾವು ದಡ್ಡಿಯೆಂದು ಕರೆದು ಸುಮ್ಮನಾಗುತ್ತೇವೆ.

ಅತಿದೊಡ್ಡ ಭಯ ಮಾತ್ರೆಯದು. ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಮೊದಲು ಕೊಡುವುದು ಮಾತ್ರೆಯಲ್ಲ, ಹೆತ್ತವರಿಗೆ ತರಬೇತಿ. ಅನಂತರದ ವಯಸ್ಸಿನಲ್ಲಿ ಅಗತ್ಯವಿದ್ದರೆ ಮೀಥೈಲ್‌ಫೆನಿಡೇಟ್‌ನಂತಹ ಔಷಧ ನೀಡಲಾಗುತ್ತದೆ. ಹಸಿವು ಕಡಿಮೆಯಾಗಬಹುದು, ನಿದ್ರೆ ತಡವಾಗಬಹುದು. ಆದ್ದರಿಂದಲೇ ತೂಕ, ಎತ್ತರ, ರಕ್ತದೊತ್ತಡವನ್ನು ಆಗಾಗ ಪರೀಕ್ಷಿಸುತ್ತಾರೆ. ಇದು ಕಾನೂನಿನ ಕಟ್ಟುನಿಟ್ಟಿಗೆ ಒಳಪಟ್ಟ ಔಷಧ, ವೈದ್ಯರ ಚೀಟಿಯಿಲ್ಲದೆ ಕೊಳ್ಳುವಂತಿಲ್ಲ. ಆದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಸೇವಿಸಿದ ಮಗು ಮುಂದೆ ಮಾದಕ ವ್ಯಸನಿಯಾಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಮಾತ್ರೆಯೊಂದೇ ಸಾಕೆಂಬುದೂ ತಪ್ಪು. ಮುಂದಿನ ಬೆಂಚು, ಚಿಕ್ಕ ಚಿಕ್ಕ ಪಾಠ, ನಿಗದಿತ ದಿನಚರಿ, ಒಳ್ಳೆಯದನ್ನು ಕಂಡೊಡನೆ ಮೆಚ್ಚುಗೆ, ಇವೂ ಚಿಕಿತ್ಸೆಯ ಭಾಗಗಳೇ. ಮದ್ರಸದ ಅಧ್ಯಾಪಕರೂ ಇದನ್ನು ಗಮನಿಸಬೇಕು. ಬೆತ್ತದಿಂದ ಹೆದರಿಕೆ ಹುಟ್ಟಬಹುದು, ಏಕಾಗ್ರತೆ ಹುಟ್ಟಲಾರದು.

‘ಹುಚ್ಚರ ಡಾಕ್ಟರ್’ ಬಳಿ ಹೋದರೆ ಮುಂದೆ ಸಂಬಂಧ ಕೂಡಿಬರುವುದಿಲ್ಲವೆಂದು ಹಿಂಜರಿಯುವವರಿಗೆ ನಮ್ಮ ಪ್ರಶ್ನೆ ಇಷ್ಟೆ: ಏಳನೇ ತರಗತಿಗೇ ಶಾಲೆ ಬಿಟ್ಟ ಹುಡುಗನಿಗೆ ಯಾವ ಸಂಬಂಧ ಕಾದಿದೆ?

ಚಿಕಿತ್ಸೆ ದೂರದಲ್ಲೇನೂ ಇಲ್ಲ. ಹಾಸನದಲ್ಲಿ 2006ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಉಳಿದ ಮೂರು ಪಟ್ಟಣಗಳಿಂದ ಅಲ್ಲಿಗೆ 30-40 ಕಿಲೋಮೀಟರ್ ಅಷ್ಟೆ. ಹೆಚ್ಚಿನ ತಪಾಸಣೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಉಚಿತವಾಗಿ ವಿಚಾರಿಸಬಹುದು.

ಹೋಗುವಾಗ ಮಗುವಿನ ನೋಟ್‌ಪುಸ್ತಕಗಳನ್ನು, ಶಿಕ್ಷಕರು ಬರೆದುಕೊಟ್ಟ ಅಭಿಪ್ರಾಯವನ್ನು ಜೊತೆಗೆ ಒಯ್ಯಿರಿ. ತಾಯಿಯೊಬ್ಬರನ್ನೇ ಕಳುಹಿಸದೆ ತಂದೆಯೂ ಜೊತೆಗೂಡಲಿ. ಮಕ್ಕಳು ಅಲ್ಲಾಹನು ನಮಗೆ ವಹಿಸಿಕೊಟ್ಟ ಅಮಾನತ್ತು. ಆ ಹೊಣೆಯನ್ನು ನಿರ್ವಹಿಸಲು ಅವನು ನಮಗೆ ತೌಫೀಕ್ ನೀಡಲಿ.