ಬಿಸಿಲು, ದೀಪ ಮತ್ತು ನಮ್ಮ ಚರ್ಮದ ಬಣ್ಣ

(ರೋಗಿಗಳಿಗೂ ಅವರ ಕಡೆಯವರಿಗೂ ಏರ್ಪಡಿಸಿದ್ದ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ಶುಶ್ರೂಷಾ ಬೋಧಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಮಾತು ಶುರು ಮಾಡುವ ಮುಂಚೆ ಒಂದು ಸಣ್ಣ ಕೆಲಸ ಹೇಳುತ್ತೇನೆ. ನಿಮ್ಮ ಕೈಬಳೆಯನ್ನೋ ವಾಚನ್ನೋ ಸ್ವಲ್ಪ ಮೇಲಕ್ಕೆ ಸರಿಸಿ ನೋಡಿ. ಅದರಡಿಯ ಚರ್ಮ ಸುತ್ತಲಿನದಕ್ಕಿಂತ ತಿಳಿಯಾಗಿದೆಯಲ್ಲವೇ? ಚಪ್ಪಲಿ ಬಿಟ್ಟರೆ ಪಾದದ ಮೇಲೂ ಪಟ್ಟಿಯ ಗುರುತು ಕಾಣುತ್ತದೆ. ಒಂದೇ ಮೈ, ಆದರೆ ಬಿಸಿಲು ಬಿದ್ದ ಕಡೆ ಒಂದು ಬಣ್ಣ, ಬೀಳದ ಕಡೆ ಇನ್ನೊಂದು ಬಣ್ಣ. ಇದು ಹೇಗಾಗುತ್ತದೆ ಎಂಬುದನ್ನು ಇಂದು ತಿಳಿದುಕೊಳ್ಳೋಣ.

ಈ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಹಿಂದೆ ನಾನು ಬೇರೊಂದು ಕಡೆ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದಾಗ ಹರಿಹರದ ಕಡೆಯಿಂದ ಒಂದು ಬಾಣಂತಿ ಬಂದಿದ್ದರು. ಹುಟ್ಟಿದ ಮೂರನೇ ದಿನ ಹೆಣ್ಣುಕೂಸಿಗೆ ಕಾಮಾಲೆ ಹೆಚ್ಚಾಗಿ, ನೀಲಿ ದೀಪದ ಕೆಳಗೆ ಮಲಗಿಸಿದ್ದೆವು. ಅಜ್ಜಿ ಎರಡು ಸಲ ಬಂದು ಕೇಳಿದರು: "ಕೂಸು ಕರ್ರಗಾಕ್ಕತ್ರಿ ಸಿಸ್ಟರ್, ಆ ಲೈಟು ತೆಗೀರಿ. ಹೆಣ್ಣುಕೂಸು ಐತಿ." ನಾನು "ಏನೂ ಆಗಲ್ಲಜ್ಜಿ" ಎಂದು ಹೇಳಿ ಮುಂದೆ ಹೋದೆ. ರಾತ್ರಿ ಇನ್ನೊಂದು ಮಗುವನ್ನು ನೋಡಿ ಬರುವಷ್ಟರಲ್ಲಿ ಅವರು ಕೂಸನ್ನು ಎತ್ತಿ ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅದೊಂದೇ ಸಲವಲ್ಲವೆಂದು ಆಮೇಲೆ ತಿಳಿಯಿತು. ಬೆಳಗಿನ ರಕ್ತಪರೀಕ್ಷೆಯಲ್ಲಿ ಕಾಮಾಲೆ ಇಳಿಯುವ ಬದಲು ಏರಿತ್ತು. ಮೇಲೊಂದು ಕೆಳಗೊಂದು ದೀಪವಿಟ್ಟು ಎರಡು ದಿನ ನೋಡಿಕೊಂಡ ಮೇಲೆ ಕೂಸು ಚೇತರಿಸಿಕೊಂಡಿತು. ಅಜ್ಜಿಯನ್ನು ಎಲ್ಲರೂ ಬೈದರು. ಆದರೆ ಆ ದೀಪ ಯಾವುದು, ಬಿಸಿಲು ಯಾವುದು ಎಂದು ಅವರಿಗೆ ಬಿಡಿಸಿ ಹೇಳದವಳು ನಾನು. ಅಂದು ಹೇಳದೆ ಬಿಟ್ಟದ್ದನ್ನು ಈಗ ನಿಮಗೆ ಹೇಳುತ್ತಿದ್ದೇನೆ.

ನಮ್ಮ ಚರ್ಮದ ಮೇಲ್ಪದರದ ತಳದಲ್ಲಿ ಮೆಲನೋಸೈಟ್ ಎಂಬ ಕೋಶಗಳಿವೆ. ಅವು ಮೆಲನಿನ್ ಎಂಬ ಕಂದು ಬಣ್ಣದ ವಸ್ತುವನ್ನು ತಯಾರಿಸುತ್ತವೆ. ಬೆಳ್ಳಗಿರುವವರಿಗೂ ಕಪ್ಪಗಿರುವವರಿಗೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ಎಷ್ಟು ಮೆಲನಿನ್ ಮಾಡುತ್ತವೆ, ಯಾವ ಬಗೆಯದನ್ನು ಮಾಡುತ್ತವೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಬಿಸಿಲಿನಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಜೊತೆಗೆ ಕಾಣದ ನೇರಳಾತೀತ ಕಿರಣಗಳೂ ಇರುತ್ತವೆ. ಅವುಗಳಲ್ಲಿ ನೆಲಕ್ಕೆ ತಲುಪುವುದು ಎ ಮತ್ತು ಬಿ ಎಂಬ ಎರಡು ಬಗೆ. ಎ ಕಿರಣ ಚರ್ಮದಲ್ಲಿ ಮೊದಲೇ ಇರುವ ಮೆಲನಿನ್ ಅನ್ನು ನಿಮಿಷಗಳಲ್ಲೇ ಗಾಢವಾಗಿಸುತ್ತದೆ. ಮಧ್ಯಾಹ್ನ ಗದ್ದೆಯಿಂದ ಬಂದಾಗ ಮುಖ ಕಪ್ಪಿಟ್ಟಂತೆ ಕಂಡು, ಮರುದಿನ ಅಷ್ಟು ಕಾಣದಿರುವುದು ಇದರಿಂದಲೇ. ಬಿ ಕಿರಣದ ಕೆಲಸ ಬೇರೆ. ಅದು ಕೋಶದೊಳಗಿನ ವಂಶವಾಹಿ ವಸ್ತುವಾದ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಪೆಟ್ಟು ತಿಂದ ಕೋಶ ಮೆಲನೋಸೈಟಿಗೆ ಸುದ್ದಿ ಕಳಿಸುತ್ತದೆ. ಆಗ ಹೊಸ ಮೆಲನಿನ್ ತಯಾರಾಗಿ ಸುತ್ತಲಿನ ಕೋಶಗಳಿಗೆ ಹಂಚಿಕೆಯಾಗುತ್ತದೆ, ಮತ್ತು ಪ್ರತಿ ಕೋಶದ ನಡುವಿರುವ ಕೋಶಕೇಂದ್ರದ ಮೇಲೆ ಛತ್ರಿ ಹಿಡಿದಂತೆ ಕೂರುತ್ತದೆ. ಇದಕ್ಕೆ ಎರಡು ಮೂರು ದಿನ ಬೇಕು. ಹಾಗಾಗಿ ಜಾತ್ರೆಯಲ್ಲಿ ಬಿಸಿಲಿಗೆ ನಿಂತದ್ದು ಸೋಮವಾರವಾದರೆ ಕಪ್ಪು ಕಾಣುವುದು ಬುಧವಾರವೋ ಗುರುವಾರವೋ. ಮೇಲಿನ ಕೋಶಗಳು ಉದುರಿ ಹೊಸವು ಬರುವ ತನಕ, ಅಂದರೆ ಕೆಲವು ವಾರ, ಆ ಬಣ್ಣ ಉಳಿಯುತ್ತದೆ.

ಆದ್ದರಿಂದ ಬಿಸಿಲಿನ ಕಪ್ಪು ಕೊಳೆಯಲ್ಲ, ಉಜ್ಜಿದರೆ ಹೋಗದು. ಹಾಗೆಂದು ಈ ಛತ್ರಿ ತುಂಬಾ ಗಟ್ಟಿಯಾದದ್ದೂ ಅಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗಿನ ಬಿಸಿಲಿಗೆ ತಲೆಯ ಮೇಲೆ ಟವೆಲ್, ಮೈಗೆ ತುಂಬುತೋಳಿನ ಅಂಗಿ ಇರುವುದೇ ಒಳ್ಳೆಯದು. ನಾಟಿಗೆ ಹೋಗುವ ನಮ್ಮ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ಅಂಗಿ ತೊಡುತ್ತಾರಲ್ಲ, ಅದನ್ನು ನೋಡಿ ನಗಬೇಡಿ.

ಮನೆಯೊಳಗೆ, ಗಾಡಿಯೊಳಗೆ ಇದ್ದರೆ ಬಣ್ಣ ಬದಲಾಗದು ಎಂದುಕೊಂಡಿರುವವರಿದ್ದಾರೆ. ಕಿಟಕಿಯ ಗಾಜು ಬಿ ಕಿರಣವನ್ನು ಬಹುಪಾಲು ತಡೆಯುತ್ತದೆ, ಎ ಕಿರಣವನ್ನು ಬಿಟ್ಟುಬಿಡುತ್ತದೆ. ಪಿ.ಬಿ. ರಸ್ತೆಯಲ್ಲಿ ದಾವಣಗೆರೆ–ಹರಿಹರ ನಡುವೆ ದಿನವಿಡೀ ಗಾಡಿ ಓಡಿಸುವ ಚಾಲಕರ ಎರಡೂ ಕೈ ಹೋಲಿಸಿ ನೋಡಿ, ಕಿಟಕಿ ಕಡೆಯ ಬಲಗೈ ಹೆಚ್ಚು ಕಪ್ಪಗಿರುತ್ತದೆ. ಗಾಜಿನ ಹಿಂದೆ ಕೂತು ಬಿಸಿಲು ಕಾಯಿಸಿದರೆ ವಿಟಮಿನ್ ಡಿ ಬಾರದು, ಬಣ್ಣ ಮಾತ್ರ ಬದಲಾಗಬಹುದು.

ವೆಲ್ಡಿಂಗ್ ಕಿಡಿಯಲ್ಲಿಯೂ ನೇರಳಾತೀತ ಕಿರಣವಿದೆ. ನಮ್ಮ ತಂದೆ ಹರಿಹರದಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಿದ್ದರು. ಬಿಸಿಲಿಗೆ ಹೋಗದ ಮನುಷ್ಯ, ಆದರೂ ಅಂಗಿಯ ಗುಂಡಿ ಬಿಚ್ಚಿದ ಜಾಗದಲ್ಲಿ ಕೊರಳ ಕೆಳಗೆ ತ್ರಿಕೋನದಂತೆ ಕಪ್ಪು. ಕೆಲವು ರಾತ್ರಿ ಕಣ್ಣಿಗೆ ಮರಳು ಹಾಕಿದಂತಾಗಿ ನಿದ್ದೆಯಿಲ್ಲದೆ ಒದ್ದಾಡುತ್ತಿದ್ದರು. ಕಣ್ಣಿನ ಮೇಲೆ ಆಲೂಗಡ್ಡೆ ಹೋಳು ಇಟ್ಟುಕೊಂಡು ಮಲಗುವುದೇ ಔಷಧ ಎಂದು ನಂಬಿದ್ದರು. ಔಷಧವೆಂದರೆ ಮುಖಕ್ಕೆ ಶೀಲ್ಡ್ ಹಿಡಿಯುವುದು, ಗುಂಡಿ ಹಾಕುವುದು.

ಇನ್ನು ಆಸ್ಪತ್ರೆಯ ದೀಪಗಳ ವಿಷಯ. ಇವು ಎರಡು ಬಗೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ.

ಚರ್ಮರೋಗ ವಿಭಾಗಗಳಲ್ಲಿ ಬೀರುವಿನಂಥ ಪೆಟ್ಟಿಗೆಯೊಂದಿರುತ್ತದೆ. ಅದರ ಟ್ಯೂಬುಗಳು ಬಿ ಕಿರಣದಲ್ಲಿ ಒಂದು ಸಣ್ಣ ಭಾಗವನ್ನು, ಸುಮಾರು 311 ನ್ಯಾನೋಮೀಟರ್ ಅಲೆಯಷ್ಟನ್ನು ಮಾತ್ರ ಕೊಡುತ್ತವೆ. ತೊನ್ನಿನಲ್ಲಿ ಮೆಲನೋಸೈಟುಗಳು ನಾಶವಾಗಿರುತ್ತವೆ. ಅದು ಅಂಟುರೋಗವಲ್ಲ, ಕುಷ್ಠವೂ ಅಲ್ಲ. ಕೂದಲಿನ ಬುಡದಲ್ಲಿ ಉಳಿದ ಕೋಶಗಳನ್ನು ಈ ಬೆಳಕು ಎಬ್ಬಿಸಿ ಮೇಲಕ್ಕೆ ತರುತ್ತದೆ. ಆದ್ದರಿಂದ ಬಿಳಿ ಮಚ್ಚೆಯ ನಡುವೆ ಒಂದೊಂದು ಕೂದಲಿನ ಸುತ್ತ ರಾಗಿಕಾಳಿನಂಥ ಕಂದು ಚುಕ್ಕೆಗಳು ಮೊದಲು ಕಾಣುತ್ತವೆ. ಅದು ಹೊಸ ರೋಗವೆಂದು ಹೆದರಿ ಚಿಕಿತ್ಸೆ ಬಿಟ್ಟವರನ್ನು ನೋಡಿದ್ದೇನೆ. ಅದು ಬಣ್ಣ ಮರಳುತ್ತಿರುವ ಗುರುತು. ಪಕ್ಕದ ಚರ್ಮವೂ ಸ್ವಲ್ಪ ಕಪ್ಪಾಗುತ್ತದೆ, ಚಿಕಿತ್ಸೆ ನಿಂತ ಮೇಲೆ ತಿಳಿಯಾಗುತ್ತದೆ. ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ ಬರಬೇಕು. ಒಳಗೆ ನಿಲ್ಲುವಾಗ ಕನ್ನಡಕ ತೆಗೆಯಬಾರದು. ಬೇಗ ಗುಣವಾಗಲಿ ಎಂದು ಮನೆಯಲ್ಲಿ ಬಾವಂಚಿ ಬೀಜದ ಎಣ್ಣೆ ಹಚ್ಚಿ ಬಿಸಿಲಿಗೆ ಕೂರುವವರಿದ್ದಾರೆ. ಅದರಲ್ಲಿ ಸೊರಾಲೆನ್ ಎಂಬ ವಸ್ತುವಿದೆ, ಅದು ಬಿಸಿಲಿನ ಎ ಕಿರಣ ಸೇರಿದರೆ ಚರ್ಮವನ್ನು ಸುಡುತ್ತದೆ. ವೈದ್ಯರು ಅಳತೆ ಮಾಡಿ ಕೊಡುವುದನ್ನು ಅಂದಾಜಿನಲ್ಲಿ ಮಾಡಿಕೊಂಡು ಬೊಬ್ಬೆಯೆದ್ದು ಬರುತ್ತಾರೆ.

ವಿದೇಶಗಳಲ್ಲಿ ಇಂಥದೇ ಟ್ಯೂಬುಗಳ ಮಂಚದಲ್ಲಿ ಮಲಗಿ ದುಡ್ಡು ಕೊಟ್ಟು ಮೈ ಕಂದು ಮಾಡಿಸಿಕೊಳ್ಳುತ್ತಾರೆ. ಇಲ್ಲಿ ಬೆಳ್ಳಗಾಗಲು ದುಡ್ಡು, ಅಲ್ಲಿ ಕಪ್ಪಾಗಲು ದುಡ್ಡು! ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲಿ ಆ ಮಂಚಗಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದೇ ವರ್ಷ ಬ್ರೆಜಿಲ್ ನಿಷೇಧಿಸಿತು. ನಮ್ಮಲ್ಲಿ ಅಪಾಯ ಇನ್ನೊಂದು ಕಡೆಯಿಂದ ಬರುತ್ತದೆ. ಮೆಡಿಕಲ್ ಶಾಪಿನಿಂದ ತಂದು ಮುಖಕ್ಕೆ ಹಚ್ಚುವ ಕೆಲವು ಕ್ರೀಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಮೊದಲು ಬೆಳ್ಳಗೆ ಕಾಣುತ್ತದೆ, ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಬಿಸಿಲು ತಾಕಿದರೆ ಉರಿಯುತ್ತದೆ. ಚೀಟಿಯಿಲ್ಲದೆ ಇವನ್ನು ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ನೀವೂ ಚೀಟಿಯಿಲ್ಲದೆ ಕೇಳಬೇಡಿ. ಹಚ್ಚುತ್ತಿದ್ದರೆ ಒಮ್ಮೆಲೇ ನಿಲ್ಲಿಸದೆ ವೈದ್ಯರಿಗೆ ಟ್ಯೂಬು ತೋರಿಸಿ.

ಈಗ ಕೂಸಿನ ನೀಲಿ ದೀಪ. ಇದನ್ನು ಕಂಡುಹಿಡಿಯಲು ಕಾರಣಳಾದವಳು ನನ್ನಂಥ ಒಬ್ಬ ನರ್ಸ್ ಎಂಬುದು ನನಗೆ ಹೆಮ್ಮೆ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬುವರು ತಿಂಗಳು ತುಂಬದ ಕೂಸುಗಳನ್ನು ಅಂಗಳದ ಎಳೆಬಿಸಿಲಿಗೆ ಒಯ್ಯುತ್ತಿದ್ದರು. ಒಂದು ದಿನ ವೈದ್ಯರಿಗೆ ಒಂದು ಕೂಸಿನ ಮೈ ತೋರಿಸಿದರು. ಮೈಯೆಲ್ಲ ತಿಳಿಯಾಗಿತ್ತು, ಹೊಟ್ಟೆಯ ಮೇಲೆ ಒಂದು ತ್ರಿಕೋನ ಮಾತ್ರ ಅರಿಶಿನ ಬಳಿದಂತೆ ಹಳದಿ. ಬಟ್ಟೆಯ ಮೂಲೆ ಮುಚ್ಚಿದ್ದ ಜಾಗ ಅದು. ಹಳದಿ ಬಳಿದದ್ದಲ್ಲ, ಉಳಿದ ಕಡೆ ಬೆಳಕು ತೊಳೆದಿತ್ತು. 1958ರಲ್ಲಿ ಅಲ್ಲಿನ ವೈದ್ಯರು ಇದನ್ನು ಪ್ರಕಟಿಸಿದರು. ಅಲ್ಲಿಂದ ದೀಪದ ಚಿಕಿತ್ಸೆ ಬೆಳೆಯಿತು.

ಕಾಮಾಲೆ ಇಳಿಸುವುದು ಬಿಸಿಲಿನ ನೀಲಿ ಭಾಗ. ಅದು ಚರ್ಮದಲ್ಲಿರುವ ಬಿಲಿರುಬಿನ್ ಎಂಬ ಹಳದಿ ವಸ್ತುವಿನ ರೂಪ ಬದಲಿಸುತ್ತದೆ, ಅದು ಮಲಮೂತ್ರದಲ್ಲಿ ಹೊರಹೋಗುತ್ತದೆ. ಕೂಸು ಹಸಿರಾಗಿ, ನೀರಾಗಿ ಕಕ್ಕ ಮಾಡಿದರೆ ಗಾಬರಿಯಾಗಬೇಡಿ. ಈಗಿನ ಎಲ್‌ಇಡಿ ದೀಪಗಳಲ್ಲಿ ಮೈ ಕಪ್ಪಾಗಿಸುವ ನೇರಳಾತೀತ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ಅಪರೂಪಕ್ಕೆ ಬಣ್ಣ ಸ್ವಲ್ಪ ಗಾಢವಾದರೂ ತಿಳಿಯಾಗುತ್ತದೆ. ಹುಟ್ಟಿದಾಗ ಕೆಂಪಗಿದ್ದ ಕೂಸು ವಾರಗಳು ಕಳೆದಂತೆ ತನ್ನ ನಿಜ ಬಣ್ಣಕ್ಕೆ ಬರುವುದು ದೀಪವಿಲ್ಲದಿದ್ದರೂ ಆಗುವಂಥದ್ದು. ಕಿವಿಯ ಅಂಚು ನೋಡಿ ಬಣ್ಣ ಹೇಳುವ ಅಜ್ಜಿಯರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.

"ಹಾಗಾದರೆ ಮನೆಯ ಬಿಸಿಲೇ ಸಾಕಲ್ಲ" ಎಂದು ಕೇಳುತ್ತೀರಿ. ಬಿಸಿಲಿನಲ್ಲಿ ನೀಲಿಯ ಜೊತೆ ನೇರಳಾತೀತ ಕಿರಣವೂ ಇದೆ, ಕಾವೂ ಇದೆ, ಅಳತೆಯಿಲ್ಲ. ಕಪ್ಪಾಗುವ ಭಯವಿದ್ದರೆ ಅದು ಇರಬೇಕಾದದ್ದು ಬಿಸಿಲಿನ ಬಗ್ಗೆ. ನೈಜೀರಿಯಾದಲ್ಲಿ ವೈದ್ಯರು ಬಿಸಿಲನ್ನೇ ಬಳಸಿ 2015ರಲ್ಲಿ ಒಳ್ಳೆಯ ಫಲಿತಾಂಶ ಪ್ರಕಟಿಸಿದರು ನಿಜ. ಆದರೆ ಅವರು ಆ ಕಿರಣಗಳನ್ನು ಸೋಸುವ ವಿಶೇಷ ಹಾಳೆಯ ಕೆಳಗೆ, ಜ್ವರ ನೋಡುತ್ತಾ ಮಾಡಿದ್ದು. ಕಾಮಾಲೆ ಮಿತಿ ಮೀರಿ ಮೆದುಳಿಗೆ ಏರಿದರೆ ಕಿವಿ ಕೇಳದಂತಾಗಬಹುದು, ಕೈಕಾಲು ಸ್ವಾಧೀನ ತಪ್ಪಬಹುದು, ಅದನ್ನು ಹಿಂದಕ್ಕೆ ತರಲಾಗದು. ಮನೆಗೆ ಹೋದ ಮೇಲೆ ಅಂಗೈ ಅಂಗಾಲಿನವರೆಗೆ ಹಳದಿ ಇಳಿದರೆ, ಕೂಸು ಹಾಲು ಬಿಟ್ಟು ಮಂಕಾಗಿ ಮಲಗಿದರೆ, ಕೀರಲು ದನಿಯಲ್ಲಿ ಅತ್ತು ಬೆನ್ನು ಬಿಲ್ಲಿನಂತೆ ಬಾಗಿಸಿದರೆ, ರಾತ್ರಿಯಾದರೂ ಕರೆತನ್ನಿ. ಹುಟ್ಟಿದ ಮೊದಲ ದಿನವೇ ಹಳದಿ ಕಂಡರೂ ಹಾಗೆಯೇ.

ತಾಯಂದಿರು ಹಾಲು ಕುಡಿಸಲು ಕೂಸನ್ನು ಧಾರಾಳವಾಗಿ ಎತ್ತಿಕೊಳ್ಳಿ, ಎರಡು ಮೂರು ಗಂಟೆಗೊಮ್ಮೆ ಎದೆಹಾಲು ಕೊಡಲೇಬೇಕು. ಆಗ ಕಣ್ಣಿನ ಪಟ್ಟಿ ಬಿಚ್ಚಿ, ಕೂಸು ನಿಮ್ಮ ಮುಖ ನೋಡಲಿ. ದೀಪದ ಕೆಳಗೆ ಅಂಗಿ, ಟೋಪಿ ಬೇಡ, ಎಣ್ಣೆ ಪೌಡರ್ ಬೇಡ. ಬಟ್ಟೆ ಮುಚ್ಚಿದ ಕಡೆ ಹಳದಿ ಉಳಿಯುತ್ತದೆಂದು ಸಿಸ್ಟರ್ ವಾರ್ಡ್ ತೋರಿಸಿದ್ದು ನೆನಪಿದೆಯಲ್ಲ. ಮತ್ತೆ ಮಲಗಿಸುವಾಗ ಪಟ್ಟಿ ಸರಿಯಾಗಿ ಕೂತಿದೆಯೋ ಇಲ್ಲವೋ ತಿಳಿಯದಿದ್ದರೆ ಸಿಸ್ಟರನ್ನು ಕರೆಯಿರಿ. ಎಷ್ಟು ಸಲ ಕರೆದರೂ ಬರುತ್ತಾರೆ.